ಈ ವಾರ ಎಲ್ಲಿ ಹಕ್ಕಲಾಯ್ದಿರಿ?

ಸತ್ಯವೇದ ತೆರೆಯಿರಿ, ಮೊಬೈಲ್‌ನಲ್ಲಾದರೂ ಪರವಾಗಿಲ್ಲ. ರೂತಳು, 2ನೇ ಅಧ್ಯಾಯ.

ತೆರೆಯೋ ಅಷ್ಟರಲ್ಲಿ ಒಂದು ಪ್ರಶ್ನೆ. ಕಳೆದ ವಾರ ನಿಮ್ಮ ಜೀವನದ ಹೈಲೈಟ್ಸ್ ಏನು?

ನೋಡಿ, ಎಲ್ಲರೂ ನೆಲ ನೋಡ್ತಿದ್ದೀರಿ! ಯೂತ್ ಮೀಟಿಂಗ್‌ನಲ್ಲಿ ಸಾಕ್ಷಿಯ ಸಮಯ ಬಂದಾಗಲೂ ಹೀಗೇ. "ಬ್ರದರ್, ಹೇಳೋಕೆ ಏನೂ ಆಗ್ಲಿಲ್ಲ" ಅಂತೀರಿ. ಕೆಲಸ ಸಿಕ್ಕಿದ್ರೆ ಸಾಕ್ಷಿ, ವೀಸಾ ಬಂದ್ರೆ ಸಾಕ್ಷಿ, ಸ್ಕ್ಯಾನಿಂಗ್ ರಿಪೋರ್ಟ್ ನಾರ್ಮಲ್ ಬಂದ್ರೆ ಸಾಕ್ಷಿ. ಸುಮ್ನೆ ಮೇ ತಿಂಗಳ ಒಂದು ವಾರ ಕಳೆದ್ರೆ?

ಆ ವಾರವನ್ನೇ ನೋಡೋಣ. ಸೋಮವಾರ ರಾತ್ರಿ ಕರೆಂಟ್ ಹೋಯ್ತು. ಸೆಕೆ ತಡೀಲಾರದೆ ಟೆರೇಸಿಗೆ ಹೋದಾಗ, ಹೆಸರೇ ಗೊತ್ತಿಲ್ಲದ ಪಕ್ಕದ ಮನೆಯವರ ಜೊತೆ ಮೊದಲ ಸಲ ಮಾತಾಡಿದ್ರಿ. ಮಂಗಳವಾರ ಯಾರೋ ಶ್ರೀನಿವಾಸಪುರದ ಮಾವಿನಹಣ್ಣು ಆಫೀಸಿಗೆ ತಂದ್ರು. ಬುಧವಾರ ಸಂಜೆ ಗುಡುಗು, ಅರ್ಧ ಗಂಟೆ ಜೋರು ಮಳೆ. ಗಾಡಿ ನಿಲ್ಲಿಸಿ ಫ್ಲೈಓವರ್ ಕೆಳಗೆ ನಿಂತ್ರಿ, ಮಣ್ಣಿನ ವಾಸನೆ ಬಂತು. ಗುರುವಾರ ವಿಬಿಎಸ್‌ನಲ್ಲಿ ಒಂದು ಮಗು ಆಕ್ಷನ್ ಸಾಂಗ್ ತಪ್ಪು ತಪ್ಪಾಗಿ ಮಾಡಿ ಎಲ್ಲರನ್ನೂ ನಗಿಸ್ತು. ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ಕಾವೇರಿ ನೀರು ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಎತ್ತರಕ್ಕೆ ಹತ್ತಿ ಬರುವ ನೀರು ಅದು! 2024ರ ಬೇಸಿಗೆಯಲ್ಲಿ ನಮ್ಮ ಬೆಂಗಳೂರಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿಹೋದಾಗ ಒಂದು ಬಕೆಟ್ ನೀರಿನ ಬೆಲೆ ನಮಗೆ ಗೊತ್ತಾಯ್ತು. ಈಗ ಮತ್ತೆ ಮರೆತುಹೋಗಿದೆ.

ಇದೆಲ್ಲ "ಏನೂ ಆಗ್ಲಿಲ್ಲ" ಅನ್ನೋ ಲೆಕ್ಕದಲ್ಲಿ ಹೋಗಿಬಿಡುತ್ತೆ.

ಈಗ ರೂತಳ ಪುಸ್ತಕಕ್ಕೆ ಬನ್ನಿ. 4 ಅಧ್ಯಾಯ, 85 ವಚನ. ಇದರಲ್ಲಿ ಸಮುದ್ರ ಇಬ್ಭಾಗ ಆಗೋದಿಲ್ಲ, ಆಕಾಶದಿಂದ ಬೆಂಕಿ ಬೀಳೋದಿಲ್ಲ, ಒಬ್ಬ ದೇವದೂತನೂ ಇಳಿದು ಬರೋದಿಲ್ಲ. ಜವೆಗೋಧಿ ಸುಗ್ಗಿ, ಬಿಸಿಲು, ಕೆಲಸ. ರೂತಳು ಹೊಟ್ಟೆಪಾಡಿಗೆ ಹಕ್ಕಲಾಯೋಕೆ ಹೋದಳು, ಅಂದ್ರೆ ಕೊಯ್ಯುವವರ ಹಿಂದೆ ಉಳಿದ ತೆನೆ ಆರಿಸೋಕೆ. ಅವಳು ಹೋದ ಹೊಲ ಬೋವಜನದಾಗಿತ್ತು. ಅವಳು ಹುಡುಕಿಕೊಂಡು ಹೋದದ್ದಲ್ಲ, ಹಾಗೇ ಆಯ್ತು ಅನ್ನುತ್ತೆ ವಾಕ್ಯ. ಬಾಯಾರಿದ್ರೆ ನಮ್ಮ ಆಳುಗಳು ತುಂಬಿಟ್ಟ ನೀರು ಕುಡಿ ಅಂದ ಬೋವಜ. ಊಟದ ಹೊತ್ತಿಗೆ ಕರೆದು ಹುರಿದ ತೆನೆ ಕೊಟ್ಟ. ಸಂಜೆ ಬಡಿದು ನೋಡಿದ್ರೆ ಸುಮಾರು ಒಂದು ಏಫಾ. ನಮ್ಮ ಲೆಕ್ಕದಲ್ಲಿ 22 ಲೀಟರ್ ಅಂತ ಇಟ್ಕೊಳ್ಳಿ, ಮನೆಗೆ ಬರೋ ನೀರಿನ ಕ್ಯಾನಿಗಿಂತ ಸ್ವಲ್ಪ ಜಾಸ್ತಿ. ಇಷ್ಟೇ ಆ ದಿನದ ಹೈಲೈಟ್ಸ್. ಒಂದು ಲೋಟ ನೀರು, ಒಂದು ಊಟ, ಒಂದು ಮೂಟೆ ಧಾನ್ಯ.

ಆದರೆ ಈ ದಿನದಿಂದಲೇ ಓಬೇದ, ಓಬೇದನಿಂದ ಇಷಯ, ಇಷಯನಿಂದ ದಾವೀದ. ಮತ್ತಾಯ 1ನೇ ಅಧ್ಯಾಯದಲ್ಲಿ ನಮ್ಮ ರಕ್ಷಕನ ವಂಶಾವಳಿಯಲ್ಲಿ ರೂತಳ ಹೆಸರಿದೆ. ಆಮೆನ್ ಹೇಳಿ! ಹೊಲದಲ್ಲಿ ಬಗ್ಗಿ ತೆನೆ ಆರಿಸುವಾಗ ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಇಲ್ಲಿ ಯಾರೋ ಕೂತಿದ್ದೀರಿ. ಕೆಲಸ ಹೋಗಿದೆ, ಊರಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಪಿಜಿಯಿಂದ ಹೊರಡ್ತೀರಿ. ನಿಮಗೆ ಮಾವಿನಹಣ್ಣಿನ ಮಾತು ಹಿಡಿಸೋದಿಲ್ಲ, ನನಗೆ ಅರ್ಥವಾಗುತ್ತೆ. ನೊವೊಮಿಯೂ ಹಾಗೇ ಇದ್ದಳು. ಗಂಡ, ಇಬ್ಬರು ಮಕ್ಕಳು, ಎಲ್ಲರನ್ನೂ ಕಳಕೊಂಡು ಬರಿಗೈಯಲ್ಲಿ ಬಂದವಳು ತನ್ನನ್ನು ಮಾರಾ, ಅಂದ್ರೆ ಕಹಿ, ಅಂತ ಕರೀರಿ ಅಂದಳು. ಗಮನಿಸಿ, ರೂತಳು ಅತ್ತೆಗೆ ಉಪದೇಶ ಮಾಡಲಿಲ್ಲ. ಹೊಟ್ಟೆ ತುಂಬಿದ ಮೇಲೆ ಮಿಕ್ಕದ್ದನ್ನು ತಂದು ಅವಳ ಮುಂದೆ ಇಟ್ಟಳು. ಆಗ ನೊವೊಮಿ, ಇವತ್ತು ಎಲ್ಲಿ ಹಕ್ಕಲಾಯ್ದೆ ಅಂತ ವಿಚಾರಿಸಿದಳು. ಕಹಿಯಾದ ಬಾಯಲ್ಲಿ ದೇವರ ಸ್ತುತಿ ಬಂದದ್ದು ಆ ರಾತ್ರಿ, ಆ ಧಾನ್ಯದ ಮುಂದೆ.

ನಾವು ಪೆಂತೆಕೊಸ್ತಿನವರು, ಬೆಂಕಿ ಇಳಿದ ದಿನ ನಮಗೆ ಪ್ರಿಯ. ಪೆಂತೆಕೊಸ್ತ್ ಅಂದ್ರೆ ಐವತ್ತನೆಯದು. ಅದು ಮೊದಲಿಗೆ ಸುಗ್ಗಿಯ ಹಬ್ಬ. ಜವೆಗೋಧಿಯ ಮೊದಲ ಸಿವುಡು ಅರ್ಪಿಸಿ ಏಳು ವಾರ ಎಣಿಸಬೇಕಿತ್ತು. ಯೆಹೂದ್ಯರು ಆ ಹಬ್ಬದಲ್ಲಿ ರೂತಳ ಪುಸ್ತಕ ಓದುವ ಪದ್ಧತಿ ಇಂದಿಗೂ ಇದೆ. ಐವತ್ತನೇ ದಿನ ಬೇಕು ಅನ್ನೋರು ಮೊದಲ ನಲವತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಎಣಿಸಲೇಬೇಕು.

ಯಾಜಕಕಾಂಡ 23ನೇ ಅಧ್ಯಾಯ ಮನೆಗೆ ಹೋಗಿ ಓದಿ. ಆ ಹಬ್ಬದ ನಿಯಮ ಮುಗಿದ ಕೂಡಲೇ, 22ನೇ ವಚನದಲ್ಲಿ, ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಡವರಿಗೂ ಪರದೇಶಿಗೂ ಬಿಡಿ ಅನ್ನೋ ಆಜ್ಞೆ ಇದೆ. ಬೋವಜ ಅದನ್ನು ಪಾಲಿಸಿದ್ದಕ್ಕೇ ರೂತಳಿಗೆ ಒಂದು ದಿನದ ಅನ್ನ ಸಿಕ್ತು. ನಿಮ್ಮ ವಾರದ ಅಂಚಲ್ಲಿ ಯಾರಿಗೆ ಏನು ಬಿಟ್ಟಿದ್ದೀರಿ? ಎರಡು ಗಂಟೆ ಬಿಸಿಲಲ್ಲಿ ಪಾರ್ಸೆಲ್ ತರುವ ಹುಡುಗನಿಗೆ ಒಂದು ಬಾಟಲ್ ತಣ್ಣೀರು? ಕೆಲಸ ಹೋದ ರೂಮ್‌ಮೇಟ್‌ಗೆ ಒಂದು ಊಟ? ನಿಮಗೆ ಸಾಧಾರಣ ಮಂಗಳವಾರ, ಅವರಿಗೆ ಅದೇ ಸಾಕ್ಷಿ ಆಗಬಹುದು.

ಈ ವಾರ ಪ್ರತಿ ರಾತ್ರಿ ಮನೆಯಲ್ಲಿ, ಪಿಜಿಯಲ್ಲಿ ಒಬ್ಬರನ್ನೊಬ್ಬರು ಕೇಳಿ: ಇವತ್ತು ಎಲ್ಲಿ ಹಕ್ಕಲಾಯ್ದೆ? ಉತ್ತರ ಚಿಕ್ಕದಿದ್ದರೂ ಹೇಳಿ. ಮುಂದಿನ ಭಾನುವಾರ ಸಾಕ್ಷಿಯ ಸಮಯದಲ್ಲಿ ನಾನು ಮೈಕ್ ಹಿಡ್ಕೊಂಡು ನಿಮ್ಮ ಹತ್ತಿರಾನೇ ಬರ್ತೀನಿ!

ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನಾವು ಗಮನಿಸದೆ ಕಳೆದ ದಿನಗಳಿಗಾಗಿ ಸ್ತೋತ್ರ. ಬರಿಗೈಯಲ್ಲಿ ಕೂತಿರುವ ನಿಮ್ಮ ಮಕ್ಕಳಿಗೆ ಈ ವಾರ ಒಂದು ಹೊಲ ತೋರಿಸಿ. ತುಂಬಿದ ಕೈ ಇರುವವರಿಗೆ ಅಂಚು ಬಿಡುವ ಮನಸ್ಸು ಕೊಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.