ಗುಡ್ಡದ ಮೇಲೆ ಯಾರಿದ್ದಾರೆ?

 

ಈ ವಾರ ಕಳಸದ ಕಡೆ ಮಳೆ ಜೋರು. ಕರೆಂಟ್ ಬಂದಾಗಲೆಲ್ಲ ಮೊಬೈಲ್ ಚಾರ್ಜ್ ಮಾಡಿಕೊಂಡು ನಾನೂ ಮಗನೂ ಯೂಟ್ಯೂಬಿನಲ್ಲಿ 'ಗುಡ್ಡದ ಭೂತ' ನೋಡಿ ಮುಗಿಸಿದೆವು. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಧಾರಾವಾಹಿ. ನಿರ್ದೇಶನ ಸದಾನಂದ ಸುವರ್ಣ ಅವರದು. ಆಗಿನ್ನೂ ಹೆಸರಾಗದ ಪ್ರಕಾಶ್ ರೈ ಇದ್ದಾರೆ. ನಮ್ಮ ಬಳಗದಲ್ಲಿ ನಲವತ್ತು ದಾಟಿದವರಿಗೆ ಅದರ ತುಳು ಶೀರ್ಷಿಕೆ ಗೀತೆ ಈಗಲೂ ಕಿವಿಯಲ್ಲಿರಬೇಕು. ನಾವು ಲೈನಿನ ಮಕ್ಕಳು ಅದನ್ನು ಎಸ್ಟೇಟ್ ರೈಟರ ಮನೆಯ ಕಿಟಕಿಯಾಚೆ ನಿಂತು ನೋಡಿದ್ದು. ಒಳಗೆ ಕರೆಯುತ್ತಿರಲಿಲ್ಲ.

"ಯಾಕಮ್ಮಾ ಇಷ್ಟು ನಿಧಾನ?" ಎಂದ ಮಗ. ನಿಜ, ನಿಧಾನವೇ. ಕಡಿಮೆ ದುಡ್ಡಿನ ಕೆಲಸ. ಇಂದಿನ ಗ್ರಾಫಿಕ್ಸ್ ಇಲ್ಲ. ಒಂದು ಗುಡ್ಡ, ಕತ್ತಲು, ಹೆದರಿದ ಮುಖಗಳು, ಊರ ಮಾತು. ಕೊನೆ ಏನೆಂದು ಇಲ್ಲಿ ಹೇಳುವುದಿಲ್ಲ, ನೋಡದವರು ನೋಡಲಿ. ಆದರೆ ಊರಿನವರ ಬಳಿ ಉತ್ತರ ಮೊದಲೇ ಸಿದ್ಧವಿದೆ: ಭೂತ. ಉತ್ತರ ಸಿದ್ಧವಿದ್ದ ಮೇಲೆ ಯಾರೂ ಗುಡ್ಡ ಹತ್ತಬೇಕಾಗಿಲ್ಲ. (ಕರಾವಳಿಯಲ್ಲಿ ಭೂತ ಅಂದರೆ ಬರೀ ದೆವ್ವವಲ್ಲ, ದೈವವೂ ಹೌದು. ಅದನ್ನು ಕಟ್ಟುವ ನಲಿಕೆ, ಪರವ, ಪಂಬದ ಜನ ರಾತ್ರಿಯಿಡೀ ನ್ಯಾಯ ಹೇಳಿ, ಬೆಳಗಾದರೆ ಅದೇ ಮನೆಯ ಅಂಗಳದಾಚೆ ನಿಲ್ಲಬೇಕಿತ್ತು. ಆ ಮಾತು ಇನ್ನೊಂದು ದಿನಕ್ಕಿರಲಿ.)

ಅದೇ ಕಾಲದಲ್ಲಿ ಸುವರ್ಣರು ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ 'ಕುಬಿ ಮತ್ತು ಇಯಾಲ' ಕತೆಯನ್ನೂ ಸಿನಿಮಾ ಮಾಡಿದರು. ಮಲೆನಾಡಿನ ಹಳ್ಳಿಯೊಂದರ ಡಾಕ್ಟರ್ ಕುಬಿ, ಇಯಾಲ ಎಂಬ ಹುಡುಗಿಯ ಸಾವು. ಕುಬಿಯಾಗಿ ನಟಿಸಿದವರು ಚಾರುಹಾಸನ್. ತೇಜಸ್ವಿಯವರದೇ 'ತಬರನ ಕಥೆ'ಗೆ ರಾಷ್ಟ್ರಪ್ರಶಸ್ತಿ ಪಡೆದವರು. ಹುಡುಗಿ ಹೇಗೆ ಸತ್ತಳು ಎಂದು ತಿಳಿಯದೆ ಕುಬಿಗೆ ನೆಮ್ಮದಿಯಿಲ್ಲ.

ಲೈನಿನಲ್ಲಿ ಬೆಳೆದವರಿಗೆ ಸಿದ್ಧ ಉತ್ತರಗಳ ಪರಿಚಯ ಚೆನ್ನಾಗಿದೆ. ಕೆರೆಯಲ್ಲಿ ಹೆಂಗಸಿನ ಹೆಣ ತೇಲಿದರೆ ಚೌಡಿ ಹಿಡಿದಳು. ಕಣದಲ್ಲಿ ಮೆಣಸು ಕಡಿಮೆಯಾದರೆ ಲೈನಿನವರು. ಮರಗಸಿ ಮಾಡುವಾಗ ಆಳು ಬಿದ್ದು ಸತ್ತರೆ ಅವನ ಹಣೆಬರಹ, ಹಿಂದಿನ ಜನ್ಮದ ಕರ್ಮ. ಹಗ್ಗ ಎಷ್ಟು ಹಳೆಯದಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹಗ್ಗ ಯಾರದೆಂಬ ಮಾತು ಬರುತ್ತದಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದ ಮುನ್ನುಡಿಯಲ್ಲೇ ಇಂಥ ಸಿದ್ಧ ಉತ್ತರವೊಂದನ್ನು ಹಿಡಿದು ನಿಲ್ಲಿಸುತ್ತಾರೆ. ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಸಿದ್ಧಾರ್ಥ ಮನೆಬಿಟ್ಟ ಎಂಬ ಕತೆಯನ್ನು ನಾನೂ ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಆಗ ಅವನಿಗೆ ಇಪ್ಪತ್ತೊಂಬತ್ತು. ಅಷ್ಟು ವರ್ಷ ಮುಪ್ಪನ್ನೇ ಕಾಣದಿರಲು ಸಾಧ್ಯವೇ? ಪತ್ತೇದಾರನ ಪ್ರಶ್ನೆ ಇದು. ಆ ಪ್ರಶ್ನೆ ಅವರನ್ನು ರೋಹಿಣಿ ನದಿಯ ದಡಕ್ಕೆ ಒಯ್ಯುತ್ತದೆ. ಶಾಕ್ಯರಿಗೂ ಕೋಲಿಯರಿಗೂ ನೀರಿನ ಜಗಳ, ಯುದ್ಧದ ತೀರ್ಮಾನ, ಅದನ್ನು ವಿರೋಧಿಸಿದ ಸಿದ್ಧಾರ್ಥ. ಎರಡು ಸಾವಿರ ವರ್ಷ ಜನ ನಂಬಿದ ಕತೆಯ ಎದುರು ಇಷ್ಟು ತಾಳ್ಮೆಯಿಂದ ಕುಳಿತ ಓದುಗ ನನಗೆ ಬೇರೆ ಗೊತ್ತಿಲ್ಲ.

ಹಾಗಾದರೆ ಧಮ್ಮ ಸಂಶಯವನ್ನು ಪಂಚ ನೀವರಣಗಳಲ್ಲಿ ಸೇರಿಸಿದ್ದೇಕೆ ಎಂದು ಹೋದ ಭಾನುವಾರ ಒಬ್ಬರು ಕೇಳಿದರು. ಸಪ್ತ ಬೋಧ್ಯಂಗಗಳಲ್ಲಿ ಎರಡನೆಯದು ಧಮ್ಮವಿಚಯ, ಅಂದರೆ ವಿಚಾರಣೆ. ಅದಕ್ಕೂ ಮೊದಲು ಸ್ಮೃತಿ, ಎಚ್ಚರ. ಸಂಶಯ ಕುಳಿತಲ್ಲೇ ಕುಳಿತಿರುತ್ತದೆ. ವಿಚಾರಣೆ ಎದ್ದು ಹೋಗಿ ನೋಡುತ್ತದೆ. ಈ ವ್ಯತ್ಯಾಸ ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಹೋದ ವರ್ಷ ಶಾಲೆಯಲ್ಲಿ ಮಕ್ಕಳ ಬಿಸಿಯೂಟದ ಮೊಟ್ಟೆ ಲೆಕ್ಕಕ್ಕಿಂತ ಹನ್ನೆರಡು ಕಡಿಮೆ ಬಂತು. ಅಡುಗೆಕೋಣೆಯ ಸುತ್ತ ಸುಳಿಯುವ ಹುಡುಗನೊಬ್ಬನಿದ್ದ, ಲೈನಿನವನು, ನಮ್ಮವನೇ. ನಾನು ಗದರಲಿಲ್ಲ. ಮೆಲ್ಲಗೆ ಬದಿಗೆ ಕರೆದು "ತೆಗೆದುಕೊಂಡೆಯಾ?" ಎಂದು ಕೇಳಿದೆ. ಮೆಲ್ಲಗೆ ಕೇಳಿದ್ದೇ ದೊಡ್ಡ ಮೈತ್ರಿ ಎಂದುಕೊಂಡಿದ್ದೆ. ಅವನು ನೆಲ ನೋಡಿದ. ಮೂರು ದಿನ ಶಾಲೆಗೆ ಬರಲಿಲ್ಲ.

ಮೂರನೆಯ ದಿನ ಅಡುಗೆಯವರು ಹೇಳಿದರು, ಆ ಸಲ ಬಂದ ಟ್ರೇಗಳಲ್ಲಿ ಒಡೆದವು ಇದ್ದವು, ಆಗಲೇ ಎಸೆದೆವು ಎಂದು. ರಿಜಿಸ್ಟರ್ ತೆಗೆದು ನೋಡಿದೆ. ಪೂರ್ತಿ ಸಂಖ್ಯೆ ಬರೆದಿದೆ, ಕೆಳಗೆ ಸಹಿ. ಮಳೆ ಎಂದು ಟ್ರೇ ಬಿಚ್ಚದೆ ಸಹಿ ಹಾಕಿದವಳು ನಾನೇ. ಮೂರು ದಿನ ನಾನು ಎಲ್ಲ ಕಡೆ ನೋಡಿದ್ದೆ, ಆ ಪುಟವೊಂದನ್ನು ಬಿಟ್ಟು.

ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವನ ಅಮ್ಮ ಟೀ ಕೊಟ್ಟಳು, ಏನೂ ಹೇಳಲಿಲ್ಲ. ಈಗ ಮೊಟ್ಟೆ ಬಂದ ದಿನ ಒಂದೊಂದಾಗಿ ಎಣಿಸುತ್ತೇನೆ. ಹುಡುಗ ಶಾಲೆಗೆ ಬರುತ್ತಾನೆ, ಪಾಠವನ್ನೂ ಚೆನ್ನಾಗಿ ಓದುತ್ತಾನೆ. ಅಡುಗೆಕೋಣೆಯ ಕಡೆಗೆ ಮಾತ್ರ ಕರೆದರೂ ಬರುವುದಿಲ್ಲ.