ನಿರ್ಬಂಧವೂ ವಿರತಿಯೂ

ಅನ್ನವೇ ದೊರೆಯದೆ ಹಸಿದಿರುವುದು ಉಪವಾಸವೆನಿಸದು. ಹಾಗಿರುವಲ್ಲಿ, ಶಾಸನದ ತಡೆಯಿಂದ ಕಣ್ಣಿಗೆ ಬೀಳದಂತಾದ ಅಶ್ಲೀಲ ದೃಶ್ಯವನ್ನು ನೋಡದಿರುವುದು ಸಂಯಮವೆನಿಸೀತೇ ಎಂಬುದು ವಿಚಾರಣೀಯ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆಗೆಯುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ.

ಭಾರತದಲ್ಲಿ ಈ ತಡೆಯ ಇತಿಹಾಸವು ಬೋಧಪ್ರದವಾಗಿದೆ. ವಯಸ್ಕನೊಬ್ಬನು ತನ್ನ ಮನೆಯ ನಾಲ್ಕು ಗೋಡೆಗಳೊಳಗೆ ನೋಡುವುದನ್ನು ತಡೆಯುವುದೆಂತು ಎಂದು ಸರ್ವೋಚ್ಚ ನ್ಯಾಯಾಲಯದ ಅಂದಿನ ಮುಖ್ಯ ನ್ಯಾಯಮೂರ್ತಿ, ಕರ್ನಾಟಕದವರೇ ಆದ ಎಚ್. ಎಲ್. ದತ್ತು ಅವರು 2015ರ ಜುಲೈಯಲ್ಲಿ ಪ್ರಶ್ನಿಸಿದರು. ಅದೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರವು 857 ಅಂತರಜಾಲ ತಾಣಗಳನ್ನು ಮುಚ್ಚಿಸಲು ಆಜ್ಞಾಪಿಸಿತು. ವಿರೋಧವೇಳಲು ಕೆಲವೇ ದಿನಗಳಲ್ಲಿ ಆಜ್ಞೆಯನ್ನು ಸಡಿಲಿಸಿತು. 2018ರಲ್ಲಿ, ಡೆಹ್ರಾಡೂನಿನ ಬಳಿಯ ವಸತಿಶಾಲೆಯೊಂದರ ವಿದ್ಯಾರ್ಥಿನಿಯ ಮೇಲಿನ ಅತ್ಯಾಚಾರ ಪ್ರಕರಣದ ಬಳಿಕ, ಉತ್ತರಾಖಂಡದ ಉಚ್ಚ ನ್ಯಾಯಾಲಯವು ಅದೇ ತಡೆಯನ್ನು ಜಾರಿಗೊಳಿಸುವಂತೆ ಆದೇಶಿಸಿತು. ಪರಿಶೀಲಿಸಲಾಗಿ 30 ತಾಣಗಳಲ್ಲಿ ಅಶ್ಲೀಲವೇ ಕಾಣಲಿಲ್ಲ. ಉಳಿದ 827 ಮುಚ್ಚಲ್ಪಟ್ಟವು. ಪ್ರಮುಖ ತಾಣವೊಂದು ಕೂಡಲೇ ಬೇರೊಂದು ವಿಳಾಸದಿಂದ ಮರಳಿತು.

ಅಶ್ಲೀಲವು ನೆಲಸಿರುವುದೆಲ್ಲಿ ಎಂಬ ಪ್ರಶ್ನೆ ದಿಗಂಬರ ಮನೆತನಗಳಿಗೆ ಹೊಸದಲ್ಲ. ವಿಂಧ್ಯಗಿರಿಯ ಬಾಹುಬಲಿಯ ಮುಂದೆ ತಾಯಿ ಮಗುವನ್ನೆತ್ತಿಕೊಂಡು ನಿಲ್ಲುತ್ತಾಳೆ. ಅಲ್ಲಿ ವಿಕಾರಕ್ಕೆ ಎಡೆಯೆಲ್ಲಿ? ನಗ್ನಚಿತ್ರವು ತನ್ನಷ್ಟಕ್ಕೆ ಅಶ್ಲೀಲವಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2014ರಲ್ಲಿ ತೀರ್ಪಿತ್ತಿತು. ಬಟ್ಟೆಯ ಅಳತೆಯಿಂದ ಶೀಲವನ್ನು ನಿರ್ಣಯಿಸುವ ಸೆನ್ಸಾರು ಎಡವುವುದು ಇಲ್ಲಿಯೇ. ಎಳೆಯರ ಕೈಗೆ ಫೋನನ್ನಿತ್ತ ತಂದೆತಾಯಿಗಳು ಬೇಲಿ ಹಾಕುವುದು ಯುಕ್ತವೇ ಸರಿ. ಆದರೆ ಬೇಲಿಯನ್ನೇ ಶೀಲವೆಂದೆಣಿಸಿದ ಮನೆಯಲ್ಲಿ ಮಕ್ಕಳೊಡನೆ ಆಡಬೇಕಾದ ಮಾತು ಆಡದೆಯೇ ಉಳಿದುಬಿಡುತ್ತದೆ. ಬೆಳೆದ ಮಗನು ಊರು ಬಿಟ್ಟು ಹಾಸ್ಟೆಲು ಸೇರಿದಾಗ ಬೇಲಿಯು ಜೊತೆಗೆ ಹೋಗದು.

ಹಾಗೆಂದು ಎಲ್ಲವನ್ನೂ ನೋಡುವವನ ಸಂಯಮಕ್ಕೇ ಬಿಡಬಹುದೇ? ಸಲ್ಲದು. ಮಕ್ಕಳನ್ನು ಬಳಸಿ ತೆಗೆದ, ಅಥವಾ ಒಪ್ಪಿಗೆಯಿಲ್ಲದೆ ಸೆರೆಹಿಡಿದ ದೃಶ್ಯದಲ್ಲಿ ಹಿಂಸೆಯು ಆಗಲೇ ನಡೆದುಹೋಗಿದೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಕಡೆಯದರಿಂದ ರಸಪಟ್ಟು ನೋಡುವವನು ತಪ್ಪಿಸಿಕೊಳ್ಳಲಾರನು. ಇಲ್ಲಿ ಪ್ರಶ್ನೆಯು ಅವನ ಶೀಲದ್ದಲ್ಲ, ಇನ್ನೊಂದು ಜೀವದ್ದು. ಆದುದರಿಂದ ರಾಜದಂಡವು ಬೇಕೇ ಬೇಕು. ಅಂಥ ದೃಶ್ಯಗಳನ್ನು ‘ಮಕ್ಕಳ ಅಶ್ಲೀಲಚಿತ್ರ’ವೆಂದು ಕರೆಯಲಾಗದು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿಯೆಂದೇ ಬರೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಇತರ ನ್ಯಾಯಾಲಯಗಳಿಗೆ ನಿರ್ದೇಶಿಸಿದೆ.