ದೂರ ಹೋದವರ ಸಾಲ

ಯುರೋಪಿನಲ್ಲಿ ಓದಿದ್ದರ ಲಾಭವೇನೆಂದು ಬರೆಯುವ ಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳು ಪದವಿ, ಉದ್ಯೋಗ, ಹೊಸ ಭಾಷೆ ಎಂದು ಪಟ್ಟಿ ಮಾಡುತ್ತಾರೆ. ಪಟ್ಟಿಗೆ ಸಿಗದ ಲಾಭವೂ ಒಂದಿದೆ.

ಯು.ಆರ್. ಅನಂತಮೂರ್ತಿ ಪಿಎಚ್.ಡಿ.ಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ಕುಳಿತು ಬರೆದದ್ದು ಮಲೆನಾಡಿನ ಅಗ್ರಹಾರದ ಕತೆ, 1965ರಲ್ಲಿ ಪ್ರಕಟವಾದ 'ಸಂಸ್ಕಾರ'. ದೂರದಿಂದ ಊರು ನಿಚ್ಚಳವಾಗಿ ಕಂಡಿತು. ಕಂಡದ್ದನ್ನು ಊರಿನ ಭಾಷೆಯಲ್ಲೇ ಹೇಳಿದರು. ಕಾದಂಬರಿ ಸಿನಿಮಾ ಆದಾಗ ಸೆನ್ಸಾರ್ ಮಂಡಳಿ ಮೊದಲು ತಡೆಯಿತು.

ಸೇಡಂ ತಾಲ್ಲೂಕಿನ ಆದಿತ್ಯನಗರದಲ್ಲಿ ಸಿಮೆಂಟ್ ಕಾರ್ಖಾನೆಯಿದೆ. ಪಕ್ಕದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು, 'ಕವಿರಾಜಮಾರ್ಗ' ಹುಟ್ಟಿದ್ದು ಆ ಆಸ್ಥಾನದಲ್ಲಿ. ದಿನಾ ನೋಡುವವರಿಗೆ ಎರಡೂ ಕಾಣದಷ್ಟು ಹತ್ತಿರ. ಇಲ್ಲಿಂದ ಹೊರಟವರಿಗೆ ಅಲ್ಲಿ ಕಂಡಾವು. ಕಂಡದ್ದನ್ನು ಅಲ್ಲಿಯವರಿಗೆ ಹೇಳಿದರೆ ಬಹುಮಾನ ಸಿಗಬಹುದು. ಇಲ್ಲಿಯವರಿಗೆ ಹೇಳಿದರೆ ಸಿಟ್ಟು. ಸಾಲ ತೀರುವುದು ಇಲ್ಲಿ ಹೇಳಿದಾಗಲೇ.